ಶ್ರೂಸ್‌ಬರಿಯ ಕಟ್ಟಡಗಳ ಮುಖ ನೋಡಿ ವಯಸ್ಸು ಹೇಳಬೇಡಿ

ಇಂಗ್ಲೆಂಡಿನ ಶ್ರೂಸ್‌ಬರಿ ಊರಿನ ಹಳೇ ಕಟ್ಟಡಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇನೆ. ಊರಿನ ಹೆಸರನ್ನು ಹೇಗೆ ಹೇಳಬೇಕು ಅಂತಲೂ ಒಬ್ಬರು ಕೇಳಿದ್ದಾರೆ. ‘ಶ್ರೂಸ್‌ಬರಿ’ ಅನ್ನುವವರೂ ಇದ್ದಾರೆ, ‘ಶ್ರೋಸ್‌ಬರಿ’ ಅನ್ನುವವರೂ ಇದ್ದಾರೆ. ಆ ಊರಿನವರ ನಡುವೆಯೇ ಈ ಜಗಳ ಮುಗಿದಿಲ್ಲ, ನಾವು ತಲೆಹಾಕೋದು ಬೇಡ.

ಪ್ರಶ್ನೆ: ಫೋಟೋಗಳಲ್ಲಿ ಅಲ್ಲಿನ ಮನೆಗಳೆಲ್ಲ ಕಪ್ಪು ಬಿಳಿ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಮೇಲಿನ ಮಹಡಿ ಬೀದಿಯ ಮೇಲೆ ಚಾಚಿಕೊಂಡಿದೆ, ಗೋಡೆಗಳು ಸೊಟ್ಟ. ಕಟ್ಟಿದವರಿಗೆ ಕೆಲಸ ಬರುತ್ತಿರಲಿಲ್ಲವೇ?

ಉತ್ತರ: ಕೆಲಸ ಚೆನ್ನಾಗಿಯೇ ಬರುತ್ತಿತ್ತು! ಆ ಬಡಗಿಗಳು ಓಕ್ ಮರವನ್ನು ಒಣಗಿಸದೆ ಹಸಿಯಾಗಿದ್ದಾಗಲೇ ಬಳಸುತ್ತಿದ್ದರು, ಯಾಕೆಂದರೆ ಒಣಗಿದ ಓಕ್ ಕಲ್ಲಿನಷ್ಟು ಗಟ್ಟಿ, ಉಳಿ ಇಳಿಯೋದೇ ಕಷ್ಟ. ಮನೆಯ ಚೌಕಟ್ಟನ್ನು ಮೊದಲು ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸಿ, ಯಾವ ತುಂಡು ಯಾವುದಕ್ಕೆ ಸೇರಬೇಕು ಅಂತ ಮರದ ಮೇಲೇ ಗೀರಿ ಗುರುತು ಹಾಕಿ, ಮತ್ತೆ ಬಿಚ್ಚಿ, ಜಾಗಕ್ಕೆ ಸಾಗಿಸಿ ಮರದ ಬೆಣೆ ಹೊಡೆದು ನಿಲ್ಲಿಸುತ್ತಿದ್ದರು. ಆ ಗೀರುಗಳು ಹಳೇ ತೊಲೆಗಳಲ್ಲಿ ಈಗಲೂ ಸಿಗುತ್ತವೆ. ಮರ ವರ್ಷಗಟ್ಟಲೆ ನಿಂತಲ್ಲೇ ಒಣಗಿ, ಕುಗ್ಗಿ, ತಿರುಚಿಕೊಳ್ಳುತ್ತದೆ. ಮನೆ ಸೊಟ್ಟಗಾಗುತ್ತದೆ, ಆದರೆ ಜೋಡಣೆ ಇನ್ನಷ್ಟು ಬಿಗಿಯಾಗುತ್ತದೆ. ಚೌಕಟ್ಟಿನ ಸಂದಿಗಳಲ್ಲಿ ತಡಿಕೆ ಹೆಣೆದು ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿಯುತ್ತಿದ್ದರು.

ಮಹಡಿ ಚಾಚುವುದಕ್ಕೆ ಕಾರಣ ಒಂದೇ ಅಲ್ಲ. ಬೀದಿಬದಿಯ ಜಾಗ ಇಕ್ಕಟ್ಟು, ಮೇಲೆ ಹೋದಂತೆ ಒಂದೆರಡು ಅಡಿ ಸಿಕ್ಕರೂ ಲಾಭವೇ. ಜೊತೆಗೆ, ಕೆಳಗಿನ ಗೋಡೆಯಿಂದ ಹೊರಬಂದ ಜಂತೆಯ ತುದಿಯ ಮೇಲೆ ಮೇಲಿನ ಗೋಡೆಯ ಭಾರ ಕೂತರೆ, ಜಂತೆ ನಡುವೆ ಜೋತುಬೀಳುವುದು ಕಡಿಮೆಯಾಗುತ್ತದೆ. ಇನ್ನು ಶೋಕಿ ಇದ್ದೇ ಇದೆ! ಹೈ ಸ್ಟ್ರೀಟ್‌ನಲ್ಲಿ ಉಣ್ಣೆ ವ್ಯಾಪಾರಿ ರಾಬರ್ಟ್ ಐರ್ಲೆಂಡ್‌ನ ದೊಡ್ಡ ಮನೆ ಸುಮಾರು 1575ರದು, ಅದರ ಎದುರಿಗೇ ಓವೆನ್‌ನ ಮನೆ ಎದ್ದದ್ದು 1592ರಲ್ಲಿ. ಹಣವೆಲ್ಲ ವೇಲ್ಸ್‌ನ ಉಣ್ಣೆ ಬಟ್ಟೆಯದು. ಗಡಿ ಹತ್ತಿರ, ಅಲ್ವಾ? 1596ರ ಹಳೇ ಮಾರ್ಕೆಟ್ ಹಾಲ್‌ನಲ್ಲಿ ಕೆಳಗೆ ಕಾಳುಕಡ್ಡಿ ಮಾರುತ್ತಿದ್ದರು, ಮೇಲೆ ಬಟ್ಟೆ ವ್ಯಾಪಾರ ಕುದುರುತ್ತಿತ್ತು. ಈಗ ಅಲ್ಲಿ ಸಿನಿಮಾ ನೋಡಬಹುದು.

ಆ ಕಪ್ಪು ಬಣ್ಣ ಮಾತ್ರ ಹೆಚ್ಚಾಗಿ 19ನೇ ಶತಮಾನದ ಫ್ಯಾಷನ್. ಅದಕ್ಕೆ ಮುಂಚೆ ಓಕ್ ಮರವನ್ನು ಸುಮ್ನೆ ಹಾಗೇ ಬಿಡುತ್ತಿದ್ದರು, ಅದು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ನನಗೆ ಕೇಳಿದರೆ ಆ ಬೂದೇ ಚೆಂದ.

ಪ್ರಶ್ನೆ: ಆ ತೊಲೆಗಳು ಹಳೇ ಹಡಗುಗಳಿಂದ ಬಿಚ್ಚಿ ತಂದವು ಅಂತಾರಲ್ಲ?

ಉತ್ತರ: ಇಂಗ್ಲೆಂಡಿನಲ್ಲಿ ಹಳೇ ಮನೆ ಇರುವ ಊರಲ್ಲೆಲ್ಲ ಈ ಕಥೆ ಇದೆ. ಶ್ರೂಸ್‌ಬರಿ ಸಮುದ್ರದಿಂದ ಎಷ್ಟು ಒಳಗಿದೆ ಅಂತ ನಕ್ಷೆ ನೋಡಿ. ಹತ್ತಿರದಲ್ಲೇ ಓಕ್ ಕಾಡು ಇರುವಾಗ ಮುರುಕು ಹಡಗು ಯಾರಿಗೆ ಬೇಕು? ತೊಲೆಯಲ್ಲಿ ಸಂಬಂಧವಿಲ್ಲದ ತೂತು ಕಂಡರೆ, ಅದು ಸಾಮಾನ್ಯವಾಗಿ ಇನ್ಯಾವುದೋ ಹಳೇ ಮನೆಯಿಂದ ಬಂದದ್ದು.

ಪ್ರಶ್ನೆ: ಮರದ ಮನೆಗಳ ಪಕ್ಕದಲ್ಲೇ ನೀಟಾದ ಇಟ್ಟಿಗೆ ಮನೆಗಳಿವೆ. ಅವು ಹೊಸವೇ?

ಉತ್ತರ: ಮುಖ ಹೊಸದು, ಮೈ ಹಳೇದು ಆಗಿರಬಹುದು. 18ನೇ ಶತಮಾನದಲ್ಲಿ ಮರದ ಮನೆ ಹಳ್ಳಿಗಾಡಿನದ್ದು ಅನ್ನಿಸತೊಡಗಿತು. ಪೂರ್ತಿ ಕೆಡವಿ ಕಟ್ಟಲು ದುಡ್ಡು ಜಾಸ್ತಿ, ಅದಕ್ಕೇ ಬೀದಿ ಕಡೆಗೆ ಮಾತ್ರ ಇಟ್ಟಿಗೆ ಗೋಡೆ ಎಬ್ಬಿಸಿದರು. ಪಕ್ಕದ ಓಣಿಗೆ ಹೋಗಿ ನೋಡಿದರೆ ಗುಟ್ಟು ರಟ್ಟು. ರೈಲು ನಿಲ್ದಾಣದ್ದು ಇದಕ್ಕೆ ಉಲ್ಟಾ ಕಥೆ: 16ನೇ ಶತಮಾನದ ಅರಮನೆಯಂತಿದೆ, ಕಟ್ಟಿದ್ದು 1848ರಲ್ಲಿ!

ಪ್ರಶ್ನೆ: ಅಲ್ಲಿನ ಸೇಂಟ್ ಚಾಡ್ ಚರ್ಚ್ ದುಂಡಗಿದೆ. ಹಳೇ ಚರ್ಚ್ ಏನಾಯಿತು?

ಉತ್ತರ: ಬಿತ್ತು. ಮಾಡು ಸೋರುತ್ತಿದೆ ಅಂತ 1788ರಲ್ಲಿ ಥಾಮಸ್ ಟೆಲ್ಫರ್ಡ್‌ನನ್ನು ಕರೆಸಿದರು. ಮುಂದೆ ಸೇತುವೆಗಳಿಗೆ ಹೆಸರಾದ ಎಂಜಿನಿಯರ್ ಇವನೇ. ಮಾಡಿನ ಮಾತು ಆಮೇಲೆ, ಗೋಪುರದ ಕಂಬವೇ ಬಿರುಕು ಬಿಟ್ಟಿದೆ, ಮೊದಲು ಅದನ್ನು ನೋಡಿ ಅಂದ. ಸಮಿತಿಯವರಿಗೆ ಇದು ಖರ್ಚು ಹೆಚ್ಚಿಸುವ ಮಾತಾಗಿ ಕೇಳಿಸಿತು. ಕೆಲವೇ ದಿನಗಳಲ್ಲಿ, ಜುಲೈ 9ರ ಬೆಳಗಿನ ಜಾವ ಗಡಿಯಾರ ನಾಲ್ಕು ಹೊಡೆಯುವ ಹೊತ್ತಿಗೆ ಗೋಪುರ ಕುಸಿಯಿತು. ಜಾರ್ಜ್ ಸ್ಟೂವರ್ಟ್ ವಿನ್ಯಾಸದ ದುಂಡು ಚರ್ಚ್ 1792ರಲ್ಲಿ ಬೇರೆ ಜಾಗದಲ್ಲಿ ತೆರೆಯಿತು.

ಪ್ರಶ್ನೆ: ಒಂದೇ ಕಟ್ಟಡ ನೋಡಲು ಸಮಯವಿದ್ದರೆ ಯಾವುದಕ್ಕೆ ಹೋಗಬೇಕು?

ಉತ್ತರ: 660ಕ್ಕೂ ಹೆಚ್ಚು ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿರುವ ಊರಿನಲ್ಲಿ ಇದು ಕಷ್ಟದ ಪ್ರಶ್ನೆ ಅನ್ನಿಸಬಹುದು, ನನಗಂತೂ ಸುಲಭ. ಕಪ್ಪುಬಿಳಿ ಮನೆಗಳನ್ನೆಲ್ಲ ಬಿಟ್ಟು ಡಿದರಿಂಗ್ಟನ್ ಕಡೆ ನಡೆಯಿರಿ. ಅಲ್ಲಿ ಐದು ಅಂತಸ್ತಿನ ಒಂದು ಇಟ್ಟಿಗೆ ಗಿರಣಿ ಇದೆ, ಅಗಸೆ ನಾರಿನಿಂದ ನೂಲು ತೆಗೆಯಲು 1797ರಲ್ಲಿ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಗೋದಾಮು ಅಷ್ಟೇ. ಆ ಕಾಲದ ಗಿರಣಿಗಳಲ್ಲಿ ಕಂಬ, ತೊಲೆ, ನೆಲ ಎಲ್ಲ ಮರ. ಗಾಳಿಯಲ್ಲಿ ನಾರಿನ ಧೂಳು, ಬೆಳಕಿಗೆ ಬೆಂಕಿ ದೀಪ. ಹೊತ್ತಿಕೊಳ್ಳದೆ ಇರುತ್ತದೆಯೇ? ಅದಕ್ಕೆ ಚಾರ್ಲ್ಸ್ ಬೇಜ್ ಅನ್ನುವವನು ಕಂಬ, ತೊಲೆ ಎರಡನ್ನೂ ಎರಕದ ಕಬ್ಬಿಣದಲ್ಲಿ ಮಾಡಿಸಿ, ತೊಲೆಯಿಂದ ತೊಲೆಗೆ ಇಟ್ಟಿಗೆ ಕಮಾನು ಕಟ್ಟಿ ಅದರ ಮೇಲೆ ನೆಲ ಹಾಕಿದ. ಅವನ ಕಸುಬು ದ್ರಾಕ್ಷಾರಸದ ವ್ಯಾಪಾರ, ತಮಾಷೆ ನೋಡಿ! ಕಬ್ಬಿಣದ ಚೌಕಟ್ಟಿನ ಮೊದಲ ಕಟ್ಟಡ ಜಗತ್ತಿಗೆ ಸಿಕ್ಕಿದ್ದು ಹೀಗೆ. ಗಗನಚುಂಬಿಗಳ ಅಜ್ಜ ಅನ್ನುತ್ತಾರೆ, ಆದರೆ ಹೊರಗೋಡೆ ಇಲ್ಲಿ ಇನ್ನೂ ಭಾರ ಹೊರುತ್ತದೆ, ಹಾಗಾಗಿ ಅಜ್ಜನಾದರೂ ಅರ್ಧ ಹಳೇ ಕಾಲದವನೇ. ಆಮೇಲೆ ಸುಮಾರು 90 ವರ್ಷ, 1987ರವರೆಗೆ, ಅಲ್ಲಿ ಬಾರ್ಲಿ ಮೊಳಕೆ ಬರಿಸಿ ಮಾಲ್ಟ್ ಮಾಡುತ್ತಿದ್ದರು, ಅದಕ್ಕಾಗಿ ಎಷ್ಟೋ ಕಿಟಕಿಗಳಿಗೆ ಇಟ್ಟಿಗೆ ತುಂಬಿದ್ದರು. ದುರಸ್ತಿ ಮುಗಿದು 2022ರಲ್ಲಿ ಜನರಿಗೆ ತೆರೆದಿದೆ. ಒಳಗೆ ಹೋದಾಗ ಕಂಬಗಳ ಮಧ್ಯಭಾಗ ಗಮನಿಸಿ, ತುದಿಗಿಂತ ಅಲ್ಲಿ ದಪ್ಪ. ಕಂಬ ಬಾಗುವುದಿದ್ದರೆ ನಡುವಿನಲ್ಲೇ ಬಾಗುತ್ತದೆ ಅಂತ ಆ ವ್ಯಾಪಾರಿಗೆ ಗೊತ್ತಿತ್ತು.