ಹಲ್ಲಿನ ಬಣ್ಣದ ಫಿಲ್ಲಿಂಗ್ ಹಲ್ಲಿಗೆ ಅಂಟಿಕೊಳ್ಳುವುದು ಹೇಗೆ? ಬೆಳ್ಳಿ ಬಣ್ಣದ ಹಳೆಯ ಫಿಲ್ಲಿಂಗಿನಷ್ಟು ಅದು ಬಾಳುತ್ತದೆಯೇ?

ಈ ಫಿಲ್ಲಿಂಗಿಗೆ ಬಳಸುವ ಕಾಂಪೋಸಿಟ್ ಎಂಬುದು ರಾಳದೊಳಗೆ ಗಾಜಿನ ಅತಿ ಸೂಕ್ಷ್ಮ ಕಣಗಳನ್ನು ಬೆರೆಸಿದ ಮುದ್ದೆ. ಹುಳುಕಾದ ಭಾಗವನ್ನು ಕೊರೆದು ತೆಗೆದ ಮೇಲೆ ವೈದ್ಯರು ಹಲ್ಲಿಗೆ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ, ಕೆಲವು ಸೆಕೆಂಡುಗಳ ನಂತರ ತೊಳೆಯುತ್ತಾರೆ. ಇದರಿಂದ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳುಂಟಾಗಿ, ಮೇಲೆ ಹಚ್ಚುವ ಅಂಟು ಅವುಗಳೊಳಗೆ ಇಳಿದು ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಈ ಉಪಾಯವನ್ನು ಅಮೆರಿಕದ ದಂತವೈದ್ಯ ಮೈಕೇಲ್ ಬ್ಯೂನೊಕೋರ್ 1955ರಲ್ಲಿ ಪ್ರಕಟಿಸಿದರು.

ಅನಂತರ ಮುದ್ದೆಯನ್ನು ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪದ ಪದರಗಳಲ್ಲಿ ತುಂಬಿ, ಒಂದೊಂದನ್ನೂ ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಗಟ್ಟಿಯಾಗುವಾಗ ರಾಳವು ತುಸು ಕುಗ್ಗುವುದರಿಂದಲೂ ಬೆಳಕು ಹೆಚ್ಚು ಆಳಕ್ಕೆ ಇಳಿಯದಿರುವುದರಿಂದಲೂ ಒಮ್ಮೆಲೇ ತುಂಬಿದರೆ ಅಂಚಿನಲ್ಲಿ ಸಂದು ಬಿಟ್ಟು, ಅಲ್ಲಿಂದಲೇ ಮತ್ತೆ ಹುಳುಕು ಹತ್ತಬಹುದು. ಎಂಜಲಿನ ತೇವ ತಗುಲಿದರೂ ಅಂಟು ಹಿಡಿಯದು. ಆದ್ದರಿಂದ ವೈದ್ಯರು ಹೆಚ್ಚು ಸಮಯ ತೆಗೆದುಕೊಂಡರೆ ಅವಸರಪಡಿಸಬೇಡಿ.

ಮುಂದಿನ ಹಲ್ಲುಗಳಿಗೆ ನನ್ನ ಮತ ಕಾಂಪೋಸಿಟ್‌ಗೇ, ಕಾಫಿ ಮತ್ತು ಎಲೆಅಡಿಕೆಯಿಂದ ಅದಕ್ಕೂ ಕಲೆ ಹಿಡಿಯುತ್ತದೆಂಬುದು ನೆನಪಿರಲಿ. ದವಡೆ ಹಲ್ಲಿನ ದೊಡ್ಡ ಕುಳಿಗಳಲ್ಲಿ ಮಾತ್ರ ಬೆಳ್ಳಿ ಬಣ್ಣದ ಅಮಾಲ್ಗಮ್ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ. ಆದರೆ ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವಿದೆ, ಅದನ್ನು ನಿಲ್ಲಿಸಲು ಒಳ್ಳೆಯ ಹಲ್ಲನ್ನೂ ಹೆಚ್ಚು ಕೊರೆಯಬೇಕಾಗುತ್ತದೆ. ಹಲ್ಲಿನ ಗೋಡೆಯೇ ಮುರಿದಿದ್ದರೆ ಎರಡಕ್ಕಿಂತಲೂ ಕ್ಯಾಪ್ ಹೆಚ್ಚು ಸೂಕ್ತವಾಗಬಹುದು.