ಮಟ್‌ನಲ್ಲಿ ಮೇಲಿಂಗ್ ಲಿಸ್ಟ್ ಸೆಟ್ಟಿಂಗ್‌ಗಳನ್ನು ಒಂದೇ ಕಡತದಿಂದ ನಡೆಸುವುದು

ಪ್ರಶ್ನೆ: ನಾನು ಟರ್ಮಿನಲ್‌ನಲ್ಲಿ ಮಟ್ ಬಳಸಿ ಇಮೇಲ್ ಓದುತ್ತೇನೆ. ಹೊಸ ಮೇಲಿಂಗ್ ಲಿಸ್ಟ್ ಸೇರಿದಾಗಲೆಲ್ಲ ಮಟ್‌ಆರ್‌ಸಿ ಎಂಬ ಸೆಟ್ಟಿಂಗ್ ಕಡತದಲ್ಲಿ ಮೂರು ಕಡೆ ತಿದ್ದಬೇಕಾಗುತ್ತದೆ; ಒಂದು ಕಡೆ ಮರೆತರೂ ಉತ್ತರ ಲಿಸ್ಟ್‌ಗೆ ಹೋಗದು, ಇಲ್ಲವೇ ತಪ್ಪು ವಿಳಾಸದಿಂದ ಹೋಗುತ್ತದೆ. ಇದನ್ನು ತಾನಾಗಿಯೇ ಆಗುವಂತೆ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ಲಿಸ್ಟ್‌ಗಳ ಮಾಹಿತಿಯನ್ನು ಮಟ್‌ಆರ್‌ಸಿಯಿಂದ ಹೊರತೆಗೆದು, ಸಾಲಿಗೊಂದು ಲಿಸ್ಟ್‌ನಂತೆ ಪ್ರತ್ಯೇಕ ಪಠ್ಯ ಕಡತದಲ್ಲಿಡಿ. ಪ್ರತಿ ಸಾಲಿನಲ್ಲಿ ಲಿಸ್ಟ್‌ನ ವಿಳಾಸ, ಅದರ ಫೋಲ್ಡರ್, ಅಲ್ಲಿ ನೀವು ಬಳಸುವ ಸ್ವಂತ ವಿಳಾಸ, ಈ ಮೂರು ಇದ್ದರೆ ಸಾಕು. ಈ ಕಡತವನ್ನು ಓದಿ, ಪ್ರತಿ ಲಿಸ್ಟ್‌ಗೂ ಸಬ್‌ಸ್ಕ್ರೈಬ್ (ನೀವು ಸದಸ್ಯರಾಗಿರುವ ಲಿಸ್ಟ್), ಮೇಲ್‌ಬಾಕ್ಸಸ್ (ಹೊಸ ಪತ್ರಕ್ಕಾಗಿ ನೋಡಬೇಕಾದ ಫೋಲ್ಡರ್), ಫೋಲ್ಡರ್-ಹುಕ್ (ಫೋಲ್ಡರ್ ತೆರೆದಾಗ ಚಲಿಸುವ ಆದೇಶ) ಎಂಬ ಮೂರು ಆದೇಶಗಳನ್ನು ಮುದ್ರಿಸುವ ಸಣ್ಣ ಸ್ಕ್ರಿಪ್ಟನ್ನು ಆಕ್ ಎಂಬ ಪಠ್ಯ ಸಂಸ್ಕರಣಾ ಭಾಷೆಯಲ್ಲಿ ಬರೆಯಿರಿ. ಮಟ್‌ಆರ್‌ಸಿಯಲ್ಲಿ ಹೊರಗಿನಿಂದ ಸೆಟ್ಟಿಂಗ್ ಓದಿಸುವ ಸೋರ್ಸ್ ಆದೇಶದ ನಂತರ ಆ ಸ್ಕ್ರಿಪ್ಟಿನ ಪೂರ್ಣ ಪಥವನ್ನು ಬರೆದು ಕೊನೆಯಲ್ಲಿ ಪೈಪ್ ಚಿಹ್ನೆ (|) ಹಾಕಿದರೆ, ಮಟ್ ಸ್ಕ್ರಿಪ್ಟನ್ನು ಚಲಾಯಿಸಿ ಅದರ ಔಟ್‌ಪುಟ್ಟನ್ನೇ ಸೆಟ್ಟಿಂಗ್‌ಗಳಾಗಿ ಓದಿಕೊಳ್ಳುತ್ತದೆ. ಆದೇಶವನ್ನು ಬ್ಯಾಕ್‌ಟಿಕ್ (`) ಚಿಹ್ನೆಗಳ ನಡುವೆ ಬರೆಯುವ ವಿಧಾನವೂ ಉಂಟು. ಆದರೆ ಅದರಲ್ಲಿ ಔಟ್‌ಪುಟ್‌ನ ಮೊದಲ ಸಾಲು ಮಾತ್ರ ಉಳಿಯುವುದರಿಂದ ಈ ಕೆಲಸಕ್ಕೆ ಪೈಪ್ ಮಾರ್ಗವೇ ಸರಿ.

ತಪ್ಪು ವಿಳಾಸದ ತೊಂದರೆಗೆ ಕಾರಣ ಬೇರೆ. ಫೋಲ್ಡರ್-ಹುಕ್ ಬದಲಿಸಿದ ಸೆಟ್ಟಿಂಗ್ ಆ ಫೋಲ್ಡರ್ ಬಿಟ್ಟ ಮೇಲೂ ಹಾಗೆಯೇ ಉಳಿಯುತ್ತದೆ. ಮಟ್ ಅದನ್ನು ತಾನಾಗಿ ಹಿಂದಕ್ಕೆ ತರುವುದಿಲ್ಲ. ಆದ್ದರಿಂದ ಎಲ್ಲ ಫೋಲ್ಡರ್‌ಗಳಿಗೂ ಹೊಂದುವ, ಬರಿಯ ಚುಕ್ಕಿಯನ್ನು ಹೋಲಿಕೆಯ ಮಾದರಿಯಾಗಿ (ಪ್ಯಾಟರ್ನ್) ಕೊಟ್ಟ ಒಂದು ಫೋಲ್ಡರ್-ಹುಕ್‌ನಲ್ಲಿ ನಿಮ್ಮ ಸಾಮಾನ್ಯ ಫ್ರಮ್ ವಿಳಾಸವನ್ನು (ಕಳುಹಿಸುವವರ ವಿಳಾಸ) ನಿಗದಿ ಮಾಡಿ, ಅದನ್ನು ಸೋರ್ಸ್ ಸಾಲಿಗಿಂತ ಮೊದಲೇ ಇಡಬೇಕು. ಹೊಂದಿಕೆಯಾದ ಹುಕ್‌ಗಳೆಲ್ಲ ಬರೆದ ಕ್ರಮದಲ್ಲೇ ಚಲಿಸುವುದರಿಂದ, ಮೊದಲು ಸಾಮಾನ್ಯ ವಿಳಾಸ ಬಂದು ನಂತರ ಲಿಸ್ಟ್‌ನದು ಅದರ ಜಾಗ ಹಿಡಿಯುತ್ತದೆ. ಈ ಕ್ರಮ ತಲೆಕೆಳಗಾದರೆ ಲಿಸ್ಟ್‌ನ ಸೆಟ್ಟಿಂಗ್ ಎಂದೂ ಉಳಿಯುವುದಿಲ್ಲ.

ಉತ್ತರ ಲಿಸ್ಟ್‌ಗೇ ಹೋಗಬೇಕಾದರೆ ದೊಡ್ಡ ಎಲ್ ಕೀಲಿಯ ಲಿಸ್ಟ್-ರಿಪ್ಲೈ ಬಳಸಬೇಕು. ಅದಕ್ಕೆ ವಿಳಾಸವು ಲಿಸ್ಟ್‌ನದೆಂದು ಮಟ್‌ಗೆ ಗೊತ್ತಿರಬೇಕು. ಲಿಸ್ಟ್ಸ್ ಆದೇಶ ಅಷ್ಟನ್ನೇ ತಿಳಿಸಿದರೆ, ಸಬ್‌ಸ್ಕ್ರೈಬ್ ಆದೇಶವು ನೀವು ಅದರ ಸದಸ್ಯರೆಂದೂ ತಿಳಿಸುತ್ತದೆ. ಹಾಗಾಗಿ ಮುಂದಿನ ಉತ್ತರಗಳು ಎಲ್ಲಿಗೆ ಹೋಗಬೇಕೆಂದು ಹೇಳುವ ಮೇಲ್-ಫಾಲೋಅಪ್-ಟು ಹೆಡರ್‌ನಲ್ಲಿ ನಿಮ್ಮ ವಿಳಾಸ ಸೇರುವುದಿಲ್ಲ, ಆ ಹೆಡರನ್ನು ಪಾಲಿಸುವ ಕ್ಲೈಂಟ್‌ಗಳಿಂದ ಒಂದೇ ಉತ್ತರ ಎರಡು ಬಾರಿ ಬರುವುದು ತಪ್ಪುತ್ತದೆ.

ಲಿಸ್ಟ್ಸ್, ಸಬ್‌ಸ್ಕ್ರೈಬ್ ಎರಡೂ ಆದೇಶಗಳು ತೆಗೆದುಕೊಳ್ಳುವುದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಚುಕ್ಕಿಯಂಥ ಚಿಹ್ನೆಗಳಿಗೆ ವಿಶೇಷ ಅರ್ಥವಿರುವ ಹೋಲಿಕೆಯ ಮಾದರಿ) ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ಬರೀ ‘ದೇವ್’ ಎಂದು ಬರೆದರೆ ಆ ಅಕ್ಷರಗಳಿರುವ ಯಾವ ವಿಳಾಸವೂ, ‘ದೇವ್-ಓನರ್’ ಎಂಬ ನಿರ್ವಾಹಕರ ವಿಳಾಸವೂ, ಲಿಸ್ಟ್ ಎಂದೇ ಎಣಿಕೆಯಾಗುತ್ತದೆ. ಪೂರ್ಣ ವಿಳಾಸವನ್ನು ಆರಂಭದ ಗುರುತಿನೊಂದಿಗೆ (^) ಬರೆದು, ಪ್ರತಿ ಚುಕ್ಕಿಗೂ ಮೊದಲು ಬ್ಯಾಕ್‌ಸ್ಲ್ಯಾಶ್ ಸೇರಿಸುವ ಹೊಣೆಯನ್ನು ಸ್ಕ್ರಿಪ್ಟಿಗೇ ವಹಿಸಿ. ಕೈಯಿಂದ ಮಾಡಿದರೆ ಇದೇ ಮೊದಲು ತಪ್ಪಿಹೋಗುವ ವಿವರ.

ಹೊಸ ಆವೃತ್ತಿಗಳಲ್ಲಿರುವ ಆಟೋ-ಸಬ್‌ಸ್ಕ್ರೈಬ್ ಆಯ್ಕೆಯು ಲಿಸ್ಟ್-ಪೋಸ್ಟ್ ಹೆಡರ್ ನೋಡಿ ಲಿಸ್ಟನ್ನು ತಾನೇ ಗುರುತಿಸುತ್ತದೆ. ಆದರೆ ಅದು ಫೋಲ್ಡರನ್ನಾಗಲಿ ಫ್ರಮ್ ವಿಳಾಸವನ್ನಾಗಲಿ ಹೊಂದಿಸುವುದಿಲ್ಲ, ಹೆಡರ್ ಓದುವ ವೇಗವನ್ನೂ ತಗ್ಗಿಸುತ್ತದೆ. ನಿಮ್ಮ ಅಗತ್ಯಕ್ಕೆ ಪಠ್ಯ ಕಡತವೇ ಮೇಲು. ಬಂದ ಪತ್ರಗಳನ್ನು ಫೋಲ್ಡರ್‌ಗೆ ಹಾಕುವುದು ಮಟ್‌ನ ಕೆಲಸವಲ್ಲ; ಅದಕ್ಕೆ ಲಿಸ್ಟ್-ಐಡಿ ಹೆಡರ್ ಆಧರಿಸಿದ ಸೀವ್ (ಸರ್ವರ್‌ನಲ್ಲಿ ಪತ್ರ ವಿಂಗಡಿಸುವ ಭಾಷೆ) ನಿಯಮಗಳು ಬೇಕು. ಕಡತಕ್ಕೆ ಲಿಸ್ಟ್-ಐಡಿಯ ನಾಲ್ಕನೆಯ ಕಲಮು ಸೇರಿಸಿದರೆ ಅವನ್ನೂ ಅಲ್ಲಿಂದಲೇ ಹುಟ್ಟಿಸಬಹುದು.

ಕಡತಕ್ಕೆ ಹೊಸ ಸಾಲು ಸೇರಿಸಿದ ಮೇಲೆ ಮಟ್ ಮುಚ್ಚಬೇಕಿಲ್ಲ. ಕೋಲನ್ ಒತ್ತಿ ಅದೇ ಸೋರ್ಸ್ ಆದೇಶ ಕೊಟ್ಟರಾಯಿತು. ಸಾಲನ್ನು ಅಳಿಸಿದಾಗ ಮಾತ್ರ ಹಳೆಯ ಹುಕ್ ನೆನಪಿನಲ್ಲಿ ಉಳಿಯುವುದರಿಂದ ಮಟ್ಟನ್ನು ಒಮ್ಮೆ ಮುಚ್ಚಿ ತೆರೆಯಿರಿ.