ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದಿದರೆ ಜಗತ್ತಿನ ಹಲವು ಸಂಗೀತಗಳು ನಿಜಕ್ಕೂ ಕರಗತವಾಗುತ್ತವೆಯೇ?

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಈ ವಿಶ್ವವಿದ್ಯಾಲಯದ ಹೆಚ್ಚುಗಾರಿಕೆಯೆಂದರೆ, ಅನ್ಯ ಸಂಗೀತಗಳನ್ನು ಪುಸ್ತಕದಿಂದ ಮಾತ್ರ ಓದಿಸದೆ, ಆಯಾ ಪರಂಪರೆಯಲ್ಲಿ ಪಳಗಿದ ಕಲಾವಿದರ ಎದುರು ಕೂರಿಸಿ, ಹಾಡಿಸಿ, ನುಡಿಸಿ ಕಲಿಸುವುದು. 1960ರ ದಶಕದಲ್ಲೇ ಮೃದಂಗ ವಿದ್ವಾಂಸ ಟಿ. ರಂಗನಾಥನ್, ಮುಂದೆ ಅವರ ತಮ್ಮ, ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ ಅಲ್ಲಿ ಪಾಠ ಹೇಳಿದರು. ಕನ್ನಡದ ದೇವರನಾಮವನ್ನೂ ಹಾಡಿ ನಮ್ಮವರಿಂದ ಭಾಗವತರೆನಿಸಿಕೊಂಡ ಅಮೆರಿಕದ ಗಾಯಕ ಜಾನ್ ಹಿಗಿನ್ಸ್ ಅಲ್ಲಿಯ ವಿದ್ಯಾರ್ಥಿಯೇ.

ಜಾವಾದ ಗಮೆಲಾನ್ (ಹೆಚ್ಚಾಗಿ ಕಂಚಿನ ಜಾಗಟೆ, ಲೋಹಪಟ್ಟಿಗಳ ವಾದ್ಯಮೇಳ) ಮತ್ತು ಪಶ್ಚಿಮ ಆಫ್ರಿಕದ ತಾಳವಾದ್ಯಗಳ ತರಗತಿಗಳೂ ಅಲ್ಲಿವೆ. ಗಮೆಲಾನ್ ಸಮೂಹವಾದನವಾದ್ದರಿಂದ, ಅದರ ಸರಳ ಭಾಗಗಳನ್ನು ಹೊಸಬರೂ ಬೇಗ ನುಡಿಸಬಲ್ಲರು. ಕರ್ನಾಟಕ ಸಂಗೀತದ ರಾಗವಿಸ್ತಾರಕ್ಕೆ ಅಂತಹ ಸುಲಭದ ದಾರಿಯಿಲ್ಲ. ಹಾಗಾಗಿ ನಾಲ್ಕು ವರ್ಷಗಳ ಪದವಿಯಲ್ಲಿ ಹಲವು ಪದ್ಧತಿಗಳ ಪರಿಚಯವಷ್ಟೇ ಸಾಧ್ಯ. ಯಾವುದಾದರೊಂದರಲ್ಲಿ ಹಿಡಿತ ಬೇಕೆನ್ನುವವರು ಮೊದಲ ವರ್ಷವೇ ಅದನ್ನು ಆರಿಸಿಕೊಂಡು, ಒಬ್ಬರೇ ಗುರುಗಳ ಬಳಿ ಪಾಠ ಮುಂದುವರಿಸುವುದು ಒಳ್ಳೆಯದು.